ಎಲ್ಲಿ ಕತ್ತರಿಸಿದರೂ ಐದು

ಅಕ್ಕನ ಮಗ ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಹೋದ ತಿಂಗಳು ತಾನು ಬರೆದ ಒಂದು ಪ್ರೋಗ್ರಾಮ್ ಕಳಿಸಿದ. ಕನ್ನಡದ ಸಾಲು ಕೊಟ್ಟರೆ ಮಾತ್ರೆ ಎಣಿಸಿ ಹೇಳುವ ಪ್ರೋಗ್ರಾಮ್, ಹ್ಯಾಸ್ಕೆಲ್ ಭಾಷೆಯಲ್ಲಿ. ಒಂದೊಂದೇ ಸಾಲು ಕೊಟ್ಟಾಗ ಸರಿಯಾಗಿ ಎಣಿಸುತ್ತಿತ್ತು. ಉದ್ದನೆಯ ಕಾವ್ಯವನ್ನು ತುಂಡು ಮಾಡಿ, ತುಂಡುಗಳನ್ನು ಕಂಪ್ಯೂಟರಿನ ಬೇರೆ ಬೇರೆ ಕೋರ್‌ಗಳಿಗೆ ಹಂಚಿ, ಬಂದ ಉತ್ತರಗಳನ್ನು ಕೂಡಿಸಿದರೆ ಮಾತ್ರ ಮೊತ್ತ ಕಡಿಮೆ ಬೀಳುತ್ತಿತ್ತು. ತುಂಡಿನ ಅಳತೆ ಬದಲಿಸಿದರೆ ಕೊರತೆಯೂ ಬದಲಾಗುತ್ತಿತ್ತು. ಜೊತೆಗೊಂದು ಧ್ವನಿ ಸಂದೇಶ: "ಮಾಮಾ, ಬನಹಟ್ಟಿ ಅಂತ ಕೊಟ್ರ ಒಮ್ಮೆ ಐದು ಬರತೈತಿ, ಒಮ್ಮೆ ನಾಕು ಬರತೈತಿ. ಜಮಖಂಡಿ ಮಾತ್ರ ಎಲ್ಲಿ ಕತ್ತರಿಸಿದ್ರೂ ಐದ. ಯಾಕ?"

ತಪ್ಪು ಎಲ್ಲಿದೆಯೆಂದು ಕೂಡಲೇ ಕಂಡಿತು. ಹ ಎಂಬ ಅಕ್ಷರ ಬಿಡಿಯಾಗಿ ನಿಂತರೆ ಲಘು, ಒಂದು ಮಾತ್ರೆ. ಅದರ ಮುಂದೆ ಟ್ಟಿ ಬಂದರೆ ಒತ್ತಕ್ಷರದ ಹಿಂದಿನ ಅಕ್ಷರವಾದ್ದರಿಂದ ಗುರು, ಎರಡು ಮಾತ್ರೆ. ಬನ, ಹಟ್ಟಿ ಎಂದು ಒಡೆದಾಗ ಎರಡು ಮೂರು ಸೇರಿ ಐದು. ಬನಹ, ಟ್ಟಿ ಎಂದು ಒಡೆದಾಗ ಮುಂದೆ ಏನು ಬರಲಿದೆಯೆಂಬುದು ಹ ಅಕ್ಷರಕ್ಕೆ ಗೊತ್ತಾಗುವುದಿಲ್ಲ, ಲಘುವಾಗಿಯೇ ಉಳಿಯುತ್ತದೆ. ಮೂರು ಒಂದು ನಾಲ್ಕು. ಜಮಖಂಡಿಯ ಖಂ ತನ್ನ ಸೊನ್ನೆಯಿಂದಲೇ ಗುರು. ಅದಕ್ಕೆ ನೆರೆಹೊರೆಯ ಹಂಗಿಲ್ಲ.

ಉತ್ತರ ಬರೆಯದೆ ಬಹಳ ಹೊತ್ತು ಕೂತೆ. ಊರ ಹೆಸರುಗಳಿಗೆ ಪ್ರಸ್ತಾರ ಹಾಕಿ ನೋಡುವ ಈ ರೂಢಿ ಹುಡುಗನಿಗೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ಅವನಿಗೆ ಅವನ ಅವ್ವನಿಂದ, ಅವಳಿಗೆ ನನ್ನಿಂದ, ನನಗೆ ನಮ್ಮ ಕನ್ನಡ ಮಾಸ್ತರರಿಂದ.

ಅದು ತೊಂಬತ್ತರ ದಶಕದ ಆರಂಭ. ಬನಹಟ್ಟಿ ಆಗಿನ್ನೂ ವಿಜಾಪುರ ಜಿಲ್ಲೆಗೆ ಸೇರಿತ್ತು. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ನಮ್ಮ ಓಣಿಯಲ್ಲಿ ಪಾವರ್‌ಲೂಮ್ ಇಲ್ಲದ ಮನೆ ಹುಡುಕಬೇಕಿತ್ತು. ಬೆಳಗಿನಿಂದ ರಾತ್ರಿವರೆಗೆ ಮಗ್ಗಗಳ ಸದ್ದು. ಹೀಗಾಗಿ ನಮ್ಮೂರವರು ಮಾತಾಡಿದರೆ ಜಗಳಾಡಿದಂತೆ ಕೇಳುತ್ತದೆಂದು ಬೀಳಗಿ ಕಡೆಯ ಬೀಗರು ನಗುತ್ತಿದ್ದರು. ಅಪ್ಪ ಬೇರೆಯವರ ಮಗ್ಗದಲ್ಲಿ ಕೂಲಿಗೆ ಸೀರೆ ನೇಯುತ್ತಿದ್ದ. ಅವ್ವ, ಅಕ್ಕ ಮನೆಯಲ್ಲಿ ಕಂಡಿಕೆ ಸುತ್ತುತ್ತಿದ್ದರು. ಲಾಳಿಯೊಳಗೆ ಕೂರುವ ಕಂಡಿಕೆ ಮುಗಿದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಕೂಲಿ ನಿಲ್ಲುತ್ತದೆ. ಅಕ್ಕ ಏಳನೇ ಇಯತ್ತೆ ಮುಗಿಸಿ ಶಾಲೆ ಬಿಟ್ಟದ್ದು ಆ ಲೆಕ್ಕದಿಂದ. ಅವಳು ದಡ್ಡಿಯೆಂದು ಯಾರೂ ಹೇಳಲಿಲ್ಲ. ಓದಿನಲ್ಲಿ ಅವಳು ಜಾಣೆಯೆಂದೂ ಯಾರೂ ಹೇಳಲಿಲ್ಲ. ಆ ಮಾತಿಗೆ ಮನೆಯಲ್ಲಿ ಜಾಗವೇ ಇರಲಿಲ್ಲ.

ಹೈಸ್ಕೂಲಿನ ಕನ್ನಡ ಮಾಸ್ತರರು ಮುಧೋಳದವರು. ಬಸ್ಸಿನಲ್ಲಿ ಬಂದುಹೋಗುತ್ತಿದ್ದರು. ರನ್ನ ಹುಟ್ಟಿದ ಊರಿನವನು ತಾನೆಂಬುದು ಅವರಿಗೆ ದಿನವೂ ಹೊಸದಾಗಿ ನೆನಪಾಗುವ ಸಂಗತಿ. ಬಳೆಗಾರರ ಮನೆಯ ಹುಡುಗ, 949ರಲ್ಲಿ ಹುಟ್ಟಿದವನು, ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದ ಎಂದು ಹೇಳುವಾಗ ನೇಕಾರರ ಮಕ್ಕಳಾದ ನಮ್ಮ ಮುಖ ನೋಡುತ್ತಿದ್ದರು. ಹೊಡೆಯುತ್ತಲೂ ಇದ್ದರು. ಲಘು ಗುರು ತಪ್ಪಿದರೆ ಅಂಗೈಗೆ ಪಟ್ಟಿಯ ಏಟು. ಪ್ರೀತಿಯಿಂದ ನೆನೆಯುವಾಗ ಆ ಏಟನ್ನು ಬಿಟ್ಟು ಹೇಳುವ ರೂಢಿ ನಮ್ಮಲ್ಲಿದೆ, ನಾನು ಬಿಡಲಾರೆ. ನಮ್ಮ ಬೆಂಚಿನ ಇಬ್ಬರು ಆ ಪಟ್ಟಿಗೆ ಹೆದರಿಯೇ ಶಾಲೆ ತಪ್ಪಿಸಿ, ಕೊನೆಗೆ ಮಗ್ಗಕ್ಕೆ ಹೋದರು.

ಆದರೆ ಕಲಿಸುವಾಗ ಅವರಂಥವರನ್ನು ನಾನು ಮುಂದೆ ಕಾಣಲಿಲ್ಲ. ಪಠ್ಯದಲ್ಲಿದ್ದ ಪದ್ಯ ಬಿಟ್ಟು ಒಂದು ದಿನ ಬೋರ್ಡಿನ ಮೇಲೆ ಊರ ಹೆಸರು ಬರೆದರು. ನಾಲ್ಕು ಮಾತ್ರೆಯ ಗಣಕ್ಕೆ ಒಟ್ಟು ಎಷ್ಟು ರೂಪ? ರಬಕವಿ: ನಾಲ್ಕೂ ಲಘು. ಬೀಳಗಿ: ಒಂದು ಗುರು, ಎರಡು ಲಘು. ಮುಧೋಳ: ನಡುವೆ ಗುರು. ಇಲಕಲ್: ಕೊನೆಯಲ್ಲಿ ಗುರು. ನದಿಯ ಹೆಸರು ಕೃಷ್ಣಾ: ಎರಡೂ ಗುರು. "ಐದ ಐದು ರೂಪ. ಆರನೇದು ಹುಡುಕ್ರಿ, ಸಿಕ್ರ ನನ್ನ ಪಟ್ಟಿ ನಿಮ್ಮ ಕೈಯಾಗ ಕೊಡತೀನಿ." ನಾವು ತೇರದಾಳ, ಮಹಾಲಿಂಗಪುರ ಎಂದು ಕೂಗಿದೆವು. ತೇರದಾಳ ಆರು ಮಾತ್ರೆ, ಮಹಾಲಿಂಗಪುರ ಎಂಟು. ಆರನೆಯ ರೂಪ ಸಿಗಲಿಲ್ಲ. ಸಿಗಲು ಸಾಧ್ಯವೇ ಇಲ್ಲ ಎಂಬುದು ಆ ವಯಸ್ಸಿನಲ್ಲಿ ನನಗೆ ಬೆರಗಿನ ಸಂಗತಿಯಾಗಿತ್ತು. ಹುಡುಕಿ ಸೋಲುವುದು ಬೇರೆ. ಇಷ್ಟೇ ಇದೆ, ಇದರಾಚೆ ಇಲ್ಲ ಎಂದು ಖಚಿತವಾಗಿ ತಿಳಿಯುವುದು ಬೇರೆ.

ಐದು ಮಾತ್ರೆಯ ಗಣಕ್ಕೆ ಎಷ್ಟು ರೂಪ ಎಂಬುದು ಮನೆಗೆಲಸ. ರಾತ್ರಿ ಕಂದೀಲಿನ ಬೆಳಕಲ್ಲಿ (ಕರೆಂಟು ಹೋಗಿತ್ತು, ಓಣಿ ಅಪರೂಪಕ್ಕೆ ಸುಮ್ಮನಿತ್ತು) ನಾನು ಒಂದೊಂದೇ ರೂಪ ಬರೆಯುತ್ತಿದ್ದೆ. ಬರೆದದ್ದನ್ನೇ ಮತ್ತೆ ಬರೆಯುತ್ತಿದ್ದೆ. ಅಕ್ಕ ರಾಟಿಯ ಮುಂದೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. "ಎಂಟು ಇರಬೇಕು ನೋಡೋ ತಮ್ಮಾ" ಎಂದಳು. ಹೇಗೆ ಎಂದೆ. "ಮೊದಲನೇ ಅಕ್ಷರ ಲಘು ಇದ್ರ ಇನ್ನ ನಾಕು ಮಾತ್ರೆ ಉಳೀತಾವು. ನಾಕಕ್ಕ ಐದು ರೂಪ ಅಂತ ನೀನ ಹೇಳಿದಿ. ಮೊದಲನೇದು ಗುರು ಇದ್ರ ಮೂರು ಉಳೀತಾವು. ಮೂರಕ್ಕ ಮೂರ ರೂಪ. ಐದು ಮೂರು ಎಂಟು. ಬರದು ನೋಡೂದ ಬ್ಯಾಡ."

ಮಾತ್ರೆ ಒಂದಾದರೆ ಒಂದು ರೂಪ, ಎರಡಾದರೆ ಎರಡು, ಆಮೇಲೆ ಮೂರು, ಐದು, ಎಂಟು, ಹದಿಮೂರು. ಹಿಂದಿನ ಎರಡನ್ನು ಕೂಡಿಸುತ್ತ ಹೋಗುವ ಈ ಸರಣಿಯನ್ನು ಜಗತ್ತು ಫಿಬೊನಾಚಿಯ ಹೆಸರಿನಿಂದ ಕರೆಯುತ್ತದೆ. ಅವನ ಪುಸ್ತಕ ಬಂದದ್ದು 1202ರಲ್ಲಿ. ಅದಕ್ಕೂ ಮುಂಚೆ ವಿರಹಾಂಕ, ಹನ್ನೆರಡನೆಯ ಶತಮಾನದಲ್ಲಿ ಹೇಮಚಂದ್ರ ಮಾತ್ರಾವೃತ್ತಗಳನ್ನು ಎಣಿಸುವಾಗ ಇದನ್ನೇ ಹೇಳಿದ್ದರು. ನಮ್ಮ ಅಕ್ಕ ಅವರ್ಯಾರ ಹೆಸರೂ ಕೇಳಿರಲಿಲ್ಲ. ಅವಳು ಕಂಡದ್ದು ಇಷ್ಟು: ಗಣವೆಂಬುದು ಖಾಲಿ ಇರುತ್ತದೆ, ಇಲ್ಲವೇ ಲಘುವಿನ ಹಿಂದೆ ಇನ್ನೊಂದು ಸಣ್ಣ ಗಣ, ಇಲ್ಲವೇ ಗುರುವಿನ ಹಿಂದೆ ಇನ್ನೊಂದು ಸಣ್ಣ ಗಣ. ದೊಡ್ಡದರ ಉತ್ತರ ಅದೇ ಜಾತಿಯ ಸಣ್ಣದರ ಉತ್ತರದಲ್ಲಿದೆ. ಬಹಳ ವರ್ಷಗಳ ನಂತರ ಹ್ಯಾಸ್ಕೆಲ್‌ನ ಮೊದಲ ಪಾಠದಲ್ಲಿ ನಾನು ಓದಿದ್ದು ಇದೇ ಮಾತು. ದತ್ತಾಂಶದ ಆಕಾರ ಹೇಗೆ ಕಟ್ಟಿಕೊಂಡಿದೆಯೋ ಫಂಕ್ಷನ್ ಅದೇ ದಾರಿಯಲ್ಲಿ ನಡೆಯುತ್ತದೆ. ಮೂರು ಬಗೆಯಲ್ಲಿ ಕಟ್ಟಬಹುದಾದರೆ ಮೂರು ಸಾಲು ಬರೆಯಬೇಕು. ಅಷ್ಟು ಬರೆದರೆ ಕೆಲಸ ಮುಗಿಯಿತು.

ಮರುದಿನ ಮಾಸ್ತರರಿಗೆ ಹೇಳಿದೆ, ಇದು ಅಕ್ಕ ಹೇಳಿದ್ದೆಂದು. ಅವರು ಪಟ್ಟಿ ಕೆಳಗಿಟ್ಟು ಇನ್ನೊಮ್ಮೆ ಹೇಳಿಸಿದರು. ಸಂಜೆ ಬಸ್ಸು ಬಿಟ್ಟು ನಮ್ಮ ಮನೆಗೆ ಬಂದರು. ಅಪ್ಪ ಎದ್ದು ನಿಂತು ಚಾಪೆ ಹಾಸಿದ. "ಆಕಿನ್ನ ಸಾಲಿಗೆ ಕಳಿಸ್ರಿ" ಎಂದರು ಮಾಸ್ತರರು. "ಕಳಸತಿದ್ನಿರಿ ಸರ್, ಕಂಡಿಕಿ ಯಾರು ಸುತ್ತಬೇಕ್ರಿ?" ಎಂದ ಅಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಕೇಳಿದ್ದ. ಮಾಸ್ತರರು ಚಹಾ ಕುಡಿದು ಹೋದರು.

ಈ ಘಟನೆಯನ್ನು ನಾನು ಬೇರೆ ಬೇರೆ ವಯಸ್ಸಿನಲ್ಲಿ ಬೇರೆ ಬೇರೆ ರೀತಿ ನೆನೆದಿದ್ದೇನೆ. ಕಾಲೇಜಿನಲ್ಲಿದ್ದಾಗ ಅಪ್ಪನ ಮೇಲೆ ಸಿಟ್ಟಿತ್ತು. ಸಂಬಳ ಬರತೊಡಗಿದ ಮೇಲೆ ಅಪ್ಪನ ಕೂಲಿಯ ಲೆಕ್ಕ ಅರ್ಥವಾಯಿತು. ಈಗ ಅನಿಸುವುದೇನೆಂದರೆ, ಆ ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಅದನ್ನು ಯಾವಾಗಲೂ ಹೆಣ್ಣುಮಕ್ಕಳ ಕಡೆಯಿಂದಲೇ ಕಳೆಯುತ್ತಿದ್ದರು. ಕಂಡಿಕೆ ಸುತ್ತಲು ನನಗೂ ಎರಡು ಕೈ ಇದ್ದವು. ನನ್ನನ್ನು ಶಾಲೆ ಬಿಡಿಸುವ ಮಾತು ಆ ಮನೆಯಲ್ಲಿ ಒಮ್ಮೆಯೂ ಬರಲಿಲ್ಲ.

ಮಾಸ್ತರರ ಇನ್ನೊಂದು ಪಾಠ ಕಂದಪದ್ಯದ್ದು. ರನ್ನನ ಗದಾಯುದ್ಧದ ತುಂಬ ಕಂದಗಳಿವೆ. ಒಂದನೆಯ ಮತ್ತು ಮೂರನೆಯ ಸಾಲಿಗೆ ಮೂರು ಗಣ, ಎರಡು ಮತ್ತು ನಾಲ್ಕಕ್ಕೆ ಐದು. ಎಲ್ಲವೂ ನಾಲ್ಕು ಮಾತ್ರೆಯವು. ಅಂದರೆ ಅರ್ಧಕ್ಕೆ ಎಂಟು ಗಣ, ಪೂರ್ತಿ ಪದ್ಯಕ್ಕೆ 64 ಮಾತ್ರೆ. ಬೆಸಸ್ಥಾನದಲ್ಲಿ ಜಗಣ, ಅಂದರೆ ನಡುವೆ ಗುರುವಿರುವ ಗಣ, ಬರಕೂಡದು. ಆರನೆಯದು ಜಗಣವೋ ಸರ್ವಲಘುವೋ ಆಗಿರಲೇಬೇಕು. ಎಂಟನೆಯದರ ಕೊನೆಗೆ ಗುರು. ನಮ್ಮ ಬೋರ್ಡಿನ ಭಾಷೆಯಲ್ಲಿ ಮುಧೋಳ ಒಂದು, ಮೂರು, ಐದು, ಏಳರಲ್ಲಿ ಕೂರುವಂತಿಲ್ಲ. ಆರನೆಯ ಜಾಗಕ್ಕೆ ಮುಧೋಳ ಇಲ್ಲವೇ ರಬಕವಿ. ಕೊನೆಗೆ ಇಲಕಲ್ ಇಲ್ಲವೇ ಕೃಷ್ಣಾ. ಹುಡುಗರು ಈ ಆಟವನ್ನು ಮೈದಾನದಲ್ಲೂ ಆಡಿದರು. ಮುಧೋಳದಿಂದ ಬರುತ್ತಿದ್ದ ಹುಡುಗನನ್ನು ಬೆಸ ನಂಬರಿನ ಜಾಗದಲ್ಲಿ ಕೂರಲು ಬಿಡುತ್ತಿರಲಿಲ್ಲ.

ಅರ್ಧ ಕಂದಕ್ಕೆ ಎಷ್ಟು ಮಾದರಿ? ನಾಲ್ಕು ಬೆಸಸ್ಥಾನಗಳಿಗೆ ನಾಲ್ಕು ನಾಲ್ಕು ಆಯ್ಕೆ, ಎರಡು ಮತ್ತು ನಾಲ್ಕನೆಯದಕ್ಕೆ ಐದೈದು, ಆರನೆಯದಕ್ಕೆ ಎರಡು, ಎಂಟನೆಯದಕ್ಕೆ ಎರಡು. ಗುಣಿಸಿದರೆ 25,600. ಎರಡೂ ಅರ್ಧ ಸೇರಿದರೆ 65 ಕೋಟಿ 53 ಲಕ್ಷ 60 ಸಾವಿರ. "ಇದು ಅಥವಾ ಅದು" ಎಂಬಲ್ಲಿ ಕೂಡಬೇಕು, "ಇದು ಮತ್ತು ಅದು" ಎಂಬಲ್ಲಿ ಗುಣಿಸಬೇಕು. ಹ್ಯಾಸ್ಕೆಲ್‌ನಂಥ ಫಂಕ್ಷನಲ್ ಭಾಷೆಗಳಲ್ಲಿ ಟೈಪ್‌ಗಳನ್ನು ಅಂದರೆ ದತ್ತಾಂಶದ ಬಗೆಗಳನ್ನು ಕಟ್ಟುವುದು ಹೆಚ್ಚಾಗಿ ಈ ಎರಡು ಕ್ರಿಯೆಗಳಿಂದ. ಅದಕ್ಕೇ ಅವನ್ನು ಬೀಜಗಣಿತದ ಟೈಪ್‌ಗಳು ಎನ್ನುತ್ತಾರೆ. ಒಂದು ಟೈಪಿನಲ್ಲಿ ಎಷ್ಟು ಬೆಲೆಗಳು ಇರಬಹುದೆಂದು ಕೂಡಿ ಗುಣಿಸಿ ಹೇಳಬಹುದು. ಕಂದದ ನಿಯಮವನ್ನು ಟೈಪಿನಲ್ಲಿಯೇ ಬರೆದಿಟ್ಟರೆ, ಬೆಸಸ್ಥಾನದಲ್ಲಿ ಜಗಣವಿಟ್ಟ ಪದ್ಯ ತಪ್ಪು ಪದ್ಯವಾಗುವುದಿಲ್ಲ. ಅಂಥದೊಂದನ್ನು ಬರೆಯಲಿಕ್ಕೇ ಬರುವುದಿಲ್ಲ. ಪ್ರೋಗ್ರಾಮ್ ಓಡುವ ಮೊದಲೇ ಕಂಪೈಲರ್ ತಡೆಯುತ್ತದೆ.

ಗಣಿತದ ಮಾಸ್ತರರೂ ಇದ್ದರು, ಪಾಪ, ಒಳ್ಳೆಯವರೇ. ಸಹವರ್ತನ ನಿಯಮ, ಪರಿವರ್ತನ ನಿಯಮ, ಅನನ್ಯತಾಂಶ ಎಂದು ಬಾಯಿಪಾಠ ಮಾಡಿಸಿದರು. ಎರಡು ಕೂಡಿಸು ಮೂರು, ಅದಕ್ಕೆ ಕೂಡಿಸು ನಾಲ್ಕು, ಇಲ್ಲವೇ ಮೊದಲು ಮೂರು ನಾಲ್ಕನ್ನು ಕೂಡಿಸಿ ಎರಡಕ್ಕೆ ಸೇರಿಸು, ಉತ್ತರ ಒಂದೇ. ಒಂದೇ ಆಗದ ಉದಾಹರಣೆಯನ್ನು ತೋರಿಸಿದ್ದರೆ ಆ ನಿಯಮದ ಬೆಲೆ ತಿಳಿಯುತ್ತಿತ್ತು. ಎಲ್ಲ ಕಾಲಕ್ಕೂ ಎಲ್ಲ ಕಡೆಯೂ ನಿಜವೆಂದು ಹೇಳಿಕೊಟ್ಟ ಮಾತನ್ನು ಮಕ್ಕಳು ಯಾಕೆ ನೆನಪಿಡಬೇಕು? ಕನ್ನಡದ ಪಿರಿಯಡ್ಡಿನಲ್ಲಿ ಮಾತ್ರೆ ಕೂಡಿಸುವಾಗ ಅದೇ ನಿಯಮ ಕೈಗೆ ಸಿಗುತ್ತಿತ್ತೆಂದು ಎರಡು ಪಿರಿಯಡ್ಡುಗಳ ಮಾಸ್ತರರಲ್ಲಿ ಯಾರೂ ಹೇಳಲಿಲ್ಲ.

ಆ ಉದಾಹರಣೆ ನನಗೆ ಸಿಕ್ಕದ್ದು ಬೆಂಗಳೂರಿನಲ್ಲಿ, ಮೊದಲ ನೌಕರಿಯಲ್ಲಿ. ರಾತ್ರಿ ಓಡುವ ಒಂದು ಪ್ರೋಗ್ರಾಮ್ ನಮ್ಮ ತಂಡಕ್ಕೆ ಬಂದಿತ್ತು. ಲಕ್ಷಾಂತರ ವ್ಯವಹಾರಗಳ ಸರಾಸರಿ ತೆಗೆಯುವುದು ಅದರ ಕೆಲಸ. ನಾಲ್ಕು ಯಂತ್ರಗಳಲ್ಲಿ ಓಡಿಸಿದರೆ ಒಂದು ಉತ್ತರ, ಏಳರಲ್ಲಿ ಓಡಿಸಿದರೆ ಇನ್ನೊಂದು. ಹಲವರು ಹಲವು ದಿನ ಯಂತ್ರಗಳನ್ನೇ ಅನುಮಾನಿಸಿದರು. ತಂಡದಲ್ಲಿದ್ದ ಹಿರಿಯ ಸಹೋದ್ಯೋಗಿ, ಮದ್ರಾಸಿನ ಕಡೆಯವರು, ಕಾಗದದ ಮೇಲೆ ಮೂರೇ ಅಂಕಿ ಬರೆದರು: 2, 4, 9. ಮೂರರ ಸರಾಸರಿ 5. ಮೊದಲೆರಡರ ಸರಾಸರಿ 3. ಅದರ ಮತ್ತು 9ರ ಸರಾಸರಿ 6. ಕೊನೆಯೆರಡರಿಂದ ಶುರುಮಾಡಿದರೆ ಆರೂವರೆ, ಅದರ ಮತ್ತು 2ರ ಸರಾಸರಿ ನಾಲ್ಕೂಕಾಲು. "ಇಲ್ಲಿ ಆವರಣ ಎಲ್ಲಿ ಹಾಕುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ಹಂಚಿ ಮಾಡುವ ಕೆಲಸಕ್ಕೆ ಇದು ಆಗುವುದಿಲ್ಲ" ಎಂದರು. ಸರಾಸರಿಯನ್ನು ಬಿಟ್ಟು, ಮೊತ್ತ ಮತ್ತು ಎಣಿಕೆ ಎರಡನ್ನೂ ಜೋಡಿಯಾಗಿ ಒಯ್ಯಿರಿ. ಜೋಡಿಗಳನ್ನು ಹೇಗೆ ಕೂಡಿಸಿದರೂ ಒಂದೇ. ಭಾಗಾಕಾರ ಕೊನೆಗೊಮ್ಮೆ ಮಾಡಿ. ಹಾಗೆ ಮಾಡಿದ ರಾತ್ರಿಯಿಂದ ಉತ್ತರ ಅಲುಗಾಡಲಿಲ್ಲ.

ಅವರೇ ಆ ಪದ ಹೇಳಿದರು: ಮೊನಾಯ್ಡ್. ಎರಡನ್ನು ಸೇರಿಸಿ ಅದೇ ಜಾತಿಯ ಒಂದನ್ನು ಮಾಡುವ ಕ್ರಿಯೆ. ಆವರಣ ಎಲ್ಲಿ ಹಾಕಿದರೂ ವ್ಯತ್ಯಾಸವಿಲ್ಲ. ಸೇರಿಸಿದರೂ ಏನೂ ಬದಲಾಗದ ಒಂದು ಅಂಶ. ಇಷ್ಟೇ. ಸಂಖ್ಯೆ, ಕೂಡುವುದು, ಸೊನ್ನೆ, ಅದೊಂದು. ಸಾಲು, ಸಾಲಿನ ಹಿಂದೆ ಸಾಲು ಜೋಡಿಸುವುದು, ಖಾಲಿ ಸಾಲು, ಇನ್ನೊಂದು. ಇಲ್ಲಿ ಹಿಂದುಮುಂದು ಮಾಡಿದರೆ ಪದ್ಯ ಕೆಡುತ್ತದೆ, ಆದರೆ ಎಲ್ಲಿಂದ ಜೋಡಿಸಲು ಶುರುಮಾಡಿದರೂ ಪದ್ಯ ಅದೇ. ಸಾಲನ್ನು ಸಂಖ್ಯೆಗೆ ಒಯ್ಯುವ ಎಣಿಕೆಯೊಂದಿದ್ದು, ಜೋಡಿಸಿ ಎಣಿಸಿದರೂ ಎಣಿಸಿ ಕೂಡಿಸಿದರೂ ಒಂದೇ ಬಂದರೆ ಅದು ರಚನೆಯನ್ನು ಕಾಪಾಡುವ ಎಣಿಕೆ. ಅಕ್ಷರಗಳ ಎಣಿಕೆ ಹಾಗಿದೆ. ಮಾತ್ರೆಯ ಎಣಿಕೆ ಹಾಗಿಲ್ಲ. ನನ್ನ ಸೋದರಳಿಯನ ಬನಹಟ್ಟಿ ಅಲ್ಲಿಯೇ ಎಡವಿತು.

ಆ ಕಾಲಕ್ಕೆ ಇಂಥ ಮಾತಿಗೆ ಹೊಸ ಗೌರವ ಬರುತ್ತಿತ್ತು. 2004ರಲ್ಲಿ ಗೂಗಲ್‌ನ ಜೆಫ್ ಡೀನ್ ಮತ್ತು ಸಂಜಯ್ ಘೆಮಾವತ್ ಸಾವಿರಾರು ಅಗ್ಗದ ಯಂತ್ರಗಳಿಗೆ ಕೆಲಸ ಹಂಚುವ ಮ್ಯಾಪ್‌ರೆಡ್ಯೂಸ್ ಬಗ್ಗೆ ಬರೆದಾಗ ಲಿಸ್ಪ್ ಭಾಷೆಯ ಮ್ಯಾಪ್ ಮತ್ತು ರೆಡ್ಯೂಸ್‌ಗಳ ಋಣವನ್ನು ಒಪ್ಪಿಕೊಂಡಿದ್ದರು. ಅದಕ್ಕಿಂತ ಬಹಳ ಹಿಂದೆ ಫೋರ್ಟ್ರಾನ್ ಕಟ್ಟಿದ ಜಾನ್ ಬ್ಯಾಕಸ್ 1977ರ ಟ್ಯೂರಿಂಗ್ ಪ್ರಶಸ್ತಿಯ ಭಾಷಣದಲ್ಲಿ, ತಾನೇ ಬೆಳೆಸಿದ ಬಗೆಯ ಪ್ರೋಗ್ರಾಮಿಂಗನ್ನು ಬಿಟ್ಟು, ಪ್ರೋಗ್ರಾಮುಗಳಿಗೂ ಒಂದು ಬೀಜಗಣಿತ ಬೇಕೆಂದು ವಾದಿಸಿದ್ದರು. ಆ ಭಾಷಣವನ್ನು ಓದಿದ ದಿನ ನನಗೆ ಊಟ ರುಚಿಸಲಿಲ್ಲ. ಕೆಲಸ ಮಾಡುವ ಕೈಯೇ ತನ್ನ ಕೆಲಸದ ನಿಯಮಗಳನ್ನೂ ಬರೆಯಬಹುದು ಎಂಬ ಧೈರ್ಯ ಅದರಲ್ಲಿತ್ತು.

ಅಲ್ಲಿಂದ ಮುಂದೆ ಇಂಥವೇ ಬೇರೆ ರಚನೆಗಳು, ಫಂಕ್ಟರ್, ಮೊನಾಡ್ ಎಲ್ಲ ಬಂದವು. ಮೊನಾಡ್ ಬಗ್ಗೆ ಇಟಲಿಯ ಮೊಗ್ಗಿ, ಅಮೆರಿಕದ ವಾಡ್ಲರ್ ಬರೆದದ್ದನ್ನು ಓದಿದೆ. ಮೊನಾಡ್ ಸುತ್ತ ಬೆಳೆದ ಭಯಭಕ್ತಿ ನನಗೆ ಹಿಡಿಸಲಿಲ್ಲ, ಇವತ್ತಿಗೂ ಹಿಡಿಸುವುದಿಲ್ಲ. ಹೆಸರು ಹೇಳಿ ಹೆದರಿಸುವವರು ನಮ್ಮ ಊರಿನ ಪಟ್ಟಿಯ ಮಾಸ್ತರರ ಬಂಧುಗಳೇ. ಇನ್ನೊಂದು ಮಾತನ್ನೂ ಹೇಳಬೇಕು. ಹ್ಯಾಸ್ಕೆಲ್‌ನಲ್ಲಿ ಒಂದನ್ನು ಮೊನಾಯ್ಡ್ ಎಂದು ಘೋಷಿಸಿದರೆ ಕಂಪೈಲರ್ ಆ ನಿಯಮ ನಿಜವೇ ಎಂದು ನೋಡುವುದಿಲ್ಲ. ಬರೆದವರ ಮಾತನ್ನು ನಂಬುತ್ತದೆ. ದಶಾಂಶ ಸಂಖ್ಯೆಗಳನ್ನು ಯಂತ್ರದಲ್ಲಿ ಕೂಡಿಸುವಾಗ ಕ್ರಮ ಬದಲಾದರೆ ಕೊನೆಯ ಅಂಕಿಗಳು ಬದಲಾಗಬಹುದು. ಅಲ್ಲಿ ಸಹವರ್ತನ ನಿಯಮ ನಿಲ್ಲುವುದೇ ಇಲ್ಲ, ಆದರೂ ಅದನ್ನು ಮೊನಾಯ್ಡಿನಂತೆ ಬಳಸುತ್ತೇವೆ. ಗಣಿತ ಇಲ್ಲಿ ಕಾವಲುಗಾರನಾಗಿ ನಿಂತಿಲ್ಲ. ಬರೆಯುವವರು ಕೊಟ್ಟ ವಚನ ಅದು, ಉಳಿಸಿಕೊಳ್ಳುವುದು ಅವರ ಪಾಲಿನ ಕೆಲಸ.

ಹುಡುಗನಿಗೆ ನಾನು ಬರೆದ ಉತ್ತರ ಹೀಗಿತ್ತು. ತುಂಡಿನಿಂದ ಬರೀ ಮಾತ್ರೆಯ ಮೊತ್ತ ತರಬೇಡ, ಮೂರು ಸಂಗತಿ ತಾ: ಮೊತ್ತ, ತುಂಡು ಒತ್ತಕ್ಷರದಿಂದ ಶುರುವಾಗುತ್ತದೆಯೇ, ತುಂಡಿನ ಕೊನೆಯ ಅಕ್ಷರ ಲಘುವೇ. ಎರಡು ತುಂಡು ಸೇರಿಸುವಾಗ ಎಡದ್ದು ಲಘುವಿನಲ್ಲಿ ಮುಗಿದು ಬಲದ್ದು ಒತ್ತಿನಿಂದ ಶುರುವಾದರೆ ಒಂದು ಮಾತ್ರೆ ಹೆಚ್ಚಿಸು. ಹೊಸ ತುಂಡಿನ ಶುರು ಎಡದ್ದು, ಕೊನೆ ಬಲದ್ದು. ಖಾಲಿ ತುಂಡನ್ನು ಬೇರೆಯಾಗಿ ಹೇಳು. ಇಲಕಲ್‌ನ ಲ್ ತುಂಡಿನ ತಲೆಗೆ ಬಂದರೂ ಇದೇ ನಿಯಮ ಸಾಲುತ್ತದೆ. ಬನಹ, ಟ್ಟಿ ಈಗ ಮೂರು, ಒಂದು, ಮೇಲೊಂದು, ಐದು. ಕಂಪ್ಯೂಟರ್ ವಿಜ್ಞಾನಿ ಗೈ ಸ್ಟೀಲ್ 2009ರಲ್ಲಿ ಸಾಲನ್ನು ಪದಗಳಾಗಿ ಒಡೆಯುವ ಲೆಕ್ಕಕ್ಕೆ ಇಂಥದೇ ಉಪಾಯ ತೋರಿಸಿದ್ದರು, ಅಂಚಿನ ಚೂರನ್ನು ಜೊತೆಗೆ ಒಯ್ಯುವ ಉಪಾಯ. ಅವರ ಇಂಗ್ಲಿಷಿನಲ್ಲಿ ಅಂಚು ಖಾಲಿ ಜಾಗದಲ್ಲಿತ್ತು, ನಮ್ಮದರಲ್ಲಿ ಒತ್ತಿನಲ್ಲಿದೆ.

ಮೂರು ದಿನ ಬಿಟ್ಟು ಅವನು ಮತ್ತೆ ಬರೆದ. ಮೊತ್ತ ಈಗ ಎಲ್ಲಿ ಕತ್ತರಿಸಿದರೂ ಒಂದೇ. ಆದರೆ ಹಳಗನ್ನಡದ ಕೆಲವು ಕಂದಗಳಲ್ಲಿ 64 ಆಗದೆ 65 ಬರುತ್ತಿದೆ. ಅದು ಶಿಥಿಲದ್ವಿತ್ವ. ಕೆಲವು ಒತ್ತುಗಳನ್ನು ಹಳಬರು ಸಡಿಲವಾಗಿ ಉಚ್ಚರಿಸುತ್ತಿದ್ದರು, ಆಗ ಹಿಂದಿನ ಅಕ್ಷರ ಗುರುವಾಗುವುದಿಲ್ಲ. ಬರಹದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಯಾವುದು ಸಡಿಲ, ಯಾವುದು ಬಿಗಿ ಎಂದು ಹೇಳಲು ಓದಿನ ಅಭ್ಯಾಸ ಬೇಕು. ರಚನೆ ಎಷ್ಟೇ ಗಟ್ಟಿಯಿದ್ದರೂ ಒಳಗೆ ಹಾಕುವ ಸಂಗತಿ ಅದಕ್ಕೆ ಯಾರಾದರೂ ಹೇಳಿಯೇ ಕೊಡಬೇಕು. ಹುಡುಗ ಈಗ ಸಡಿಲದ ಗುರುತನ್ನು ಕೈಯಿಂದ ಹಾಕುತ್ತಿದ್ದಾನೆ, ಅವನ ಅವ್ವ ಗಟ್ಟಿಯಾಗಿ ಓದಿ ಹೇಳುತ್ತಾಳಂತೆ. ಅವಳ ಕಿವಿ ತಪ್ಪುವುದು ಕಡಿಮೆ.

ಮಾಸ್ತರರನ್ನು ಕೊನೆಯ ಸಲ ಕಂಡದ್ದು ಕೆಲವು ವರ್ಷಗಳ ಹಿಂದೆ, ಮುಧೋಳದ ಅವರ ಮನೆಯಲ್ಲಿ. ನಿವೃತ್ತರಾಗಿದ್ದರು, ಕಣ್ಣು ಮಂಜಾಗಿತ್ತು. ನಾನು ಪಿಂಗಳನ ವಿಷಯ ತೆಗೆದೆ. ಇಷ್ಟು ಅಕ್ಷರದ ವೃತ್ತಕ್ಕೆ ಎಷ್ಟು ಪ್ರಸ್ತಾರ ಎಂದು ಎಣಿಸಲು ಅವನ ಛಂದಃಸೂತ್ರದಲ್ಲಿ ಒಂದು ಅಡ್ಡದಾರಿ ಇದೆ. ಹತ್ತು ಅಕ್ಷರವಿದ್ದರೆ ಎರಡನ್ನು ಹತ್ತು ಸಲ ಗುಣಿಸಬೇಕಿಲ್ಲ. ಹತ್ತನ್ನು ಅರ್ಧ ಮಾಡು, ಐದು, ಬೆಸವಾದ್ದರಿಂದ ಒಂದು ಕಳೆ, ನಾಲ್ಕು, ಅರ್ಧ ಎರಡು, ಅರ್ಧ ಒಂದು, ಒಂದು ಕಳೆ, ಸೊನ್ನೆ. ಈಗ ಹಿಂದಿರುಗಿ ಬಾ: ಕಳೆದಲ್ಲಿ ಇಮ್ಮಡಿ, ಅರ್ಧ ಮಾಡಿದಲ್ಲಿ ವರ್ಗ. ಎರಡು, ನಾಲ್ಕು, ಹದಿನಾರು, ಮೂವತ್ತೆರಡು, 1024. ಹ್ಯಾಸ್ಕೆಲ್‌ನಲ್ಲಿ ಘಾತ ತೆಗೆಯುವುದೂ ಹೀಗೆ ಅರ್ಧ ಮಾಡುತ್ತಲೇ. ಮಾಸ್ತರರ ಮುಖ ಅರಳಿತು. "ಅಂದ್ರ ಎಲ್ಲಾ ನಮ್ಮವರು ಮೊದಲ ಕಂಡಿದ್ರು, ಹೌದಿಲ್ಲೋ?"

ಹೌದೆನ್ನಲು ಮನಸ್ಸಾಯಿತು, ಅನ್ನಲಿಲ್ಲ. "ಇಲ್ರಿ ಸರ್. ಪಿಂಗಳ ದಾರಿ ಕಂಡಿದ್ದ. ಈ ದಾರಿ ನಡೀಬೇಕಂದ್ರ ಕಡಿಮೀಯೊಳಗ ಕಡಿಮಿ ಏನು ಬೇಕು ಅಂತ ಕೇಳಿದವರು ಈಚಿನವರು" ಎಂದೆ. ಬೇಕಾದದ್ದು ಸಹವರ್ತನ ನಿಯಮ ಒಂದೇ. ಆ ಪ್ರಶ್ನೆ ಕೇಳಿದ್ದರಿಂದಲೇ ಸಂಖ್ಯೆಗೆ ಮಾಡಿದ ಉಪಾಯ ಸಾಲಿಗೆ, ಮ್ಯಾಟ್ರಿಕ್ಸಿಗೆ, ಬೇರೆ ಯಾವುದಕ್ಕೂ ಒದಗುತ್ತದೆ. ಮಾಸ್ತರರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೇಸರವಾಯಿತೇನೋ ಅಂದುಕೊಂಡೆ. ಆಮೇಲೆ ಕಂದದ ಟೈಪಿನ ಬಗ್ಗೆ ನಾನು ಹಿಂದೆ ಹೇಳಿದ್ದನ್ನು ನೆನಪಿಸಿಕೊಂಡು ಕೇಳಿದರು: "ನಿನ್ನ ಯಂತ್ರಕ್ಕ ಬೆಸದಾಗ ಜಗಣ ಬರಬಾರದು ಅನ್ನೂದು ಗೊತ್ತೈತಿ. ಯಾಕ ಬರಬಾರದು ಅನ್ನೂದು ಗೊತ್ತೈತೇನು?"

ಯಂತ್ರಕ್ಕೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅವರು ಹೇಳಿದರು. ನಾಲ್ಕು ಮಾತ್ರೆಯಲ್ಲಿ ಎರಡನೆಯದೂ ಮೂರನೆಯದೂ ಕೂಡಿ ಗುರುವಾದರೆ ಗಣದ ನಡುವಿನ ಪೆಟ್ಟು ಮುಚ್ಚಿಹೋಗುತ್ತದೆ. ಗಣಗಳು ಜೋಡಿ ಜೋಡಿಯಾಗಿ ನಡೆಯುತ್ತವೆ. ಜೋಡಿಯ ಮೊದಲನೆಯದರಲ್ಲೇ ಪೆಟ್ಟು ಮುಚ್ಚಿದರೆ ಕೇಳುವವನಿಗೆ ನಡೆ ಸಿಗುವುದಿಲ್ಲ. ಎರಡನೆಯದರಲ್ಲಿ ಮುಚ್ಚಿದರೆ ನಡೆ ಆಗಲೇ ಸಿಕ್ಕಿರುತ್ತದೆ, ಅದಕ್ಕೊಂದು ಬಳುಕು ಬರುತ್ತದೆ. "ನಿಯಮ ಕಿವಿಯಿಂದ ಹುಟ್ಟಿದ್ದಪ್ಪಾ. ನಾನು ಅದನ್ನ ಪಟ್ಟಿಯಿಂದ ಕಲಿಸಿದ್ನಿ" ಎಂದರು. ನಂತರ ಅಕ್ಕನ ಬಗ್ಗೆ ಕೇಳಿದರು. ಓಣಿಯ ಹೆಂಗಸರ ಸಂಘದ ಲೆಕ್ಕವೆಲ್ಲ ಅವಳೇ ಬರೆಯುತ್ತಾಳೆ, ಮಗನನ್ನು ಇಂಜಿನಿಯರಿಂಗಿಗೆ ಸೇರಿಸಲು ಹಟ ಹಿಡಿದಿದ್ದಾಳೆ ಎಂದೆ. ಅವರು ಮಗಳಿದ್ದಾಳೇನು ಎಂದು ಕೇಳಿದರು. ಇದ್ದಾಳೆ, ಅವಳನ್ನೂ ಓದಿಸುತ್ತಿದ್ದಾಳೆ, ಜಮಖಂಡಿಯಲ್ಲಿ ಪಿಯುಸಿ ಸೈನ್ಸ್ ಎಂದೆ.